ಉಂಗುರದ ಬೆರಳು ಬಿಟ್ಟಾಗ ಹೋದ ಹಾಡು

ಮೊನ್ನೆ ನನ್ನ ಹೆಗಲ ಟವೆಲ್ಲನ್ನು ನನ್ನ ಹೆಂಡತಿ ಶಾಂತವ್ವ ರೊಟ್ಟಿ ಮುಚ್ಚುವುದಕ್ಕೆ ತೆಗೆದುಕೊಂಡಳು. ನಾನು ಹೌಹಾರಿದೆ.

"ಏನೇ ಇದು? ಅದು ವ್ಯಾಪಾರದ ಟವೆಲ್ಲು!"

"ಯಾವ ವ್ಯಾಪಾರ? ಸುಮ್ನೆ ಮೊಳೆಗೆ ನೇತಾಡ್ತಿತ್ತು. ರೊಟ್ಟಿನಾರ ಮೆತ್ತಗಿರ್ಲಿ ಅಂತ ತಗಂಡೆ," ಎಂದಳು.

ಮಾತಿಗೆ ಮಾತು ಬೆಳೆಸಬಹುದಿತ್ತು. ಆದರೆ ರೊಟ್ಟಿ ನಿಜಕ್ಕೂ ಮೆತ್ತಗಿತ್ತು. ಉಣ್ಣುತ್ತ ಆ ಟವೆಲ್ಲನ್ನೇ ನೋಡುತ್ತ ಕುಳಿತೆ. ಈಗ ಅದರ ಕೆಳಗೆ ರೊಟ್ಟಿ. ಒಂದು ಕಾಲಕ್ಕೆ ಅದರ ಕೆಳಗೆ ಎಂತೆಂಥ ಎತ್ತುಗಳು ಮಾರಿಹೋಗಿವೆ!

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಎತ್ತಿನ ದಲ್ಲಾಳಿ. ಮಾರುವವನೊಬ್ಬ, ಕೊಳ್ಳುವವನೊಬ್ಬ, ನಡುವೆ ನಾನು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು, ಈ ಕಡೆಯ ಯಾವ ಸಂತೆಯಲ್ಲಿ ಕೇಳಿದರೂ ನನ್ನ ಹೆಸರು ಹೇಳುತ್ತಾರೆ. ಹೆಸರಿನ ಜೊತೆಗೆ ಇನ್ನೂ ಒಂದೆರಡು ಮಾತು ಹೇಳುತ್ತಾರೆ, ಅದನ್ನು ಇಲ್ಲಿ ಬರೆಯುವುದು ಬೇಡ. ಎತ್ತಿನ ಸಂತೆಯಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಸುತ್ತ ನಿಂತವರ ಕಿವಿಗೆ ಬೀಳಬಾರದಲ್ಲ? ಅದಕ್ಕೆ ಇಬ್ಬರ ಕೈ ಮೇಲೂ ಟವೆಲ್ ಹೊದಿಸಿ ಕೆಳಗೆ ಬೆರಳು ಹಿಡಿಯುವುದು. ಒಂದು ಬೆರಳು ಹಿಡಿದರೆ ಒಂದು, ಅಂಗೈ ತುಂಬ ಹಿಡಿದರೆ ಐದು. ಐದು ಎಂದರೆ ನೂರೋ ಸಾವಿರವೋ ಎಂದು ಯಾರೂ ಕೇಳುವುದಿಲ್ಲ. ಎತ್ತಿನ ಮುಖ ನೋಡಿದರೆ ಗೊತ್ತಾಗುತ್ತದೆ. ಮೇಲೆ ಇಬ್ಬರೂ ಮಳೆ ಬೆಳೆ ಮಾತಾಡುತ್ತಿರುತ್ತಾರೆ, ಕೆಳಗೆ ಬೆರಳುಗಳು ಜಗಳ ಆಡುತ್ತಿರುತ್ತವೆ.

ಈ ವಿದ್ಯೆಯಲ್ಲಿ ನಾನು ಕಲಿತ ಒಂದು ಮಾತನ್ನು ಪುಕ್ಕಟೆ ಕೊಡುತ್ತೇನೆ, ಇಟ್ಟುಕೊಳ್ಳಿ. ಕೊಸರಾಡದೆ ಬೇಗ ಒಪ್ಪುವವನ ಎತ್ತಿಗೆ ಎಲ್ಲೋ ಒಂದು ಕುಂಟು ಇದ್ದೇ ಇರುತ್ತದೆ. ಎತ್ತಿಗಷ್ಟೇ ಅಲ್ಲ, ಸೈಟಿಗೂ ಸೈ, ಸಂಬಂಧಕ್ಕೂ ಸೈ. ಈ ಮಾತನ್ನು ನಾನು ಎಷ್ಟೋ ಜನಕ್ಕೆ ಹೇಳಿ ಉಳಿಸಿದ್ದೇನೆ. ನನ್ನ ಸರದಿ ಬಂದಾಗ ಮಾತ್ರ ನನಗೇ ನೆನಪಾಗಲಿಲ್ಲ. ಆ ಕಥೆಯನ್ನೇ ಹೇಳಲು ಹೊರಟಿದ್ದು.

ನಮ್ಮಂಥವರಿಗೆ ನಿವೃತ್ತಿ ಎಂದರೆ ಹಾರವಿಲ್ಲ, ಶಾಲಿಲ್ಲ, ಬೀಳ್ಕೊಡುಗೆ ಭಾಷಣವಿಲ್ಲ. ಒಂದು ದಿನ ಹೊನ್ನಾಳಿ ಸಂತೆಗೆ ಹೋದೆ. ಎತ್ತುಗಳಿಗಿಂತ ದಲ್ಲಾಳಿಗಳೇ ಜಾಸ್ತಿ ಇದ್ದೆವು. ಟೀ ಕುಡಿದು ಒಬ್ಬರ ಮುಖ ಒಬ್ಬರು ನೋಡಿದೆವು. ಎಲ್ಲರ ಹೊಲದಲ್ಲೂ ಟ್ರ್ಯಾಕ್ಟರು. ಟ್ರ್ಯಾಕ್ಟರಿನ ಬಾಯಿ ಬಿಡಿಸಿ ಹಲ್ಲು ಎಣಿಸುವುದಕ್ಕಾಗುತ್ತದೆಯೇ? ಅದರ ಬೆನ್ನ ಮೇಲೆ ಸುಳಿ ಇರುತ್ತದೆಯೇ? ಉಳಿದಿರುವ ಎತ್ತುಗಳ ಫೋಟೋ ಮೊಬೈಲಿನಲ್ಲೇ ಬರುತ್ತವೆ, ಮೊಬೈಲಿನಲ್ಲೇ ಹೋಗುತ್ತವೆ. ಫೋಟೋದಲ್ಲಿ ಯಾವ ಎತ್ತೂ ಕುಂಟುವುದಿಲ್ಲ. ಮೊಣಕಾಲು ಬೇರೆ ನೋಯುತ್ತಿತ್ತು. ಮನೆಗೆ ಬಂದು ಟವೆಲ್ಲನ್ನು ಮೊಳೆಗೆ ಹಾಕಿದೆ. ಅದೇ ನನ್ನ ನಿವೃತ್ತಿ.

ಆಮೇಲೆ ಶುರುವಾಯಿತು ನೋಡಿ ನಿಜವಾದ ಕಷ್ಟ. ಕೈಯಲ್ಲಿ ಕೆಲಸವಿಲ್ಲದ ದಲ್ಲಾಳಿ ಮನೆಯಲ್ಲಿದ್ದರೆ ಬೀದಿಗೆಲ್ಲ ತೊಂದರೆ. ಸೊಪ್ಪಿನವಳು ನಮ್ಮ ಓಣಿಗೆ ಬರುವುದನ್ನೇ ಬಿಟ್ಟಳು. ಪಕ್ಕದ ಮನೆಯವರು ಗ್ಯಾಸ್ ಒಲೆ ತಂದರೆ ಎಷ್ಟಾಯಿತು ಎಂದು ಕೇಳಿ, ಮೋಸ ಹೋದಿರಿ ಎಂದು ಹೇಳಿ, ಅವರ ಒಂದು ದಿನದ ಊಟ ಕೆಡಿಸಿದೆ. ಕೊನೆಗೆ ಶಾಂತವ್ವ ಕೈ ಮುಗಿದಳು.

"ಏನಾರ ಒಂದು ಹವ್ಯಾಸ ಹಿಡ್ಕಳ್ರಿ. ಊರಾಗೆ ಎಲ್ರೂ ಹಿಡ್ಕಂಡಾರೆ."

ಅದೂ ನಿಜವೇ. ನನ್ನ ಸ್ನೇಹಿತ ಹಾಲೇಶಪ್ಪ, ಚನ್ನಗಿರಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದವನು, ರಿಟೈರಾದ ಮೇಲೆ ಬಣ್ಣದ ಪೆಟ್ಟಿಗೆ ಕೊಂಡು ಚಿತ್ರ ಬರೆಯುತ್ತಾನೆ. ಎಲ್ಲ ಚಿತ್ರದಲ್ಲೂ ಒಂದು ಗುಡ್ಡ, ಗುಡ್ಡದ ಹಿಂದೆ ಸೂರ್ಯ. ಹುಟ್ಟುತ್ತಿರುವುದೋ ಮುಳುಗುತ್ತಿರುವುದೋ ಎಂದು ಕೇಳಿದ್ದಕ್ಕೆ, ಮೂಡಣ ಗೋಡೆಗೋ ಪಡುವಣ ಗೋಡೆಗೋ, ಎಲ್ಲಿ ನೇತುಹಾಕುತ್ತೀಯ ಎನ್ನುವುದರ ಮೇಲೆ ಎಂದ. ಆದರೆ ಒಂದು ಮಾತು ಒಪ್ಪಬೇಕು. ಕುಂಚ ಹಿಡಿದು ಕೂತಾಗ ಅವನ ಮುಖದಲ್ಲಿ ಪರೀಕ್ಷೆ ಬರೆಯುವ ಹುಡುಗನ ಕಳೆ ಇರುತ್ತದೆ. ನಾಲಗೆ ತುದಿ ತುಟಿಯ ಮೂಲೆಯಲ್ಲಿ ಇಣುಕುತ್ತಿರುತ್ತದೆ. ಅದನ್ನು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನನಗೇನಿದೆ ಹಿಡಿದುಕೊಳ್ಳಲು ಎಂದು ಯೋಚಿಸುತ್ತ ಅವನ ಮನೆಯಿಂದ ಬಸ್ಸಿನಲ್ಲಿ ಬರುವಾಗ ನೆನಪಾಯಿತು. ನನಗೆ ಹಾಡು ಬರುತ್ತಿತ್ತು.

ಬರುತ್ತಿತ್ತು ಎಂದರೆ, ಬಹಳ ಹಿಂದೆ. ಅಪ್ಪ ಎತ್ತು ಹೊಡೆದುಕೊಂಡು ಸಂತೆಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಬೆಳಗಿನ ಜಾವದ ಚಳಿ, ಕಂಬಳಿಯ ಕೊಪ್ಪೆ, ಎತ್ತಿನ ಮೂಗಿನಿಂದ ಬರುವ ಬಿಸಿ ಹಬೆ. ಕೈ ಬೆಚ್ಚಗಾಗಲೆಂದು ನಾನು ಆ ಹಬೆಗೆ ಕೈ ಹಿಡಿಯುತ್ತಿದ್ದೆ. "ಹಾಡಲೇ, ಎತ್ತಿಗೆ ದಾರಿ ಸವೀಲಿ," ಎನ್ನುತ್ತಿದ್ದ ಅಪ್ಪ. ನಾನು ನಾಟಕದ ಹಾಡುಗಳನ್ನು ಹಾಡುತ್ತಿದ್ದೆ. ನಮ್ಮೂರಲ್ಲಿ ಬೇಸಿಗೆ ಬಂತೆಂದರೆ ನಾಟಕ, ಒಂದು ಸಲ ಕೇಳಿದರೆ ಹಾಡು ಗಂಟಲಲ್ಲಿ ಕೂತುಬಿಡುತ್ತಿತ್ತು. ಎತ್ತುಗಳ ಕೊರಳ ಗಂಟೆ ತಾಳ ಹಾಕುತ್ತಿತ್ತು. ಸಂತೆ ಮುಟ್ಟಿದ ಮೇಲೆ ಮಂಡಕ್ಕಿ, ಮೆಣಸಿನಕಾಯಿ, ಒಂದು ಲೋಟ ಚಹಾ. ಅದಕ್ಕಿಂತ ದೊಡ್ಡ ಸಂಭಾವನೆಯನ್ನು ಯಾವ ಗಾಯಕನೂ ಪಡೆದಿರಲಾರ.

ಮೀಸೆ ಚಿಗುರುವ ಹೊತ್ತಿಗೆ ಅಪ್ಪ ನನ್ನನ್ನು ಸಂತೆಯಲ್ಲಿ ಕೂಗಲು ನಿಲ್ಲಿಸಿದ. "ಬರ್ರಿ ಬರ್ರಿ, ಹೂಡಿ ನೋಡ್ರಿ, ಹೊಡೆದು ನೋಡ್ರಿ!" ಬೆಳಗಿನಿಂದ ಬಿಸಿಲಿಳಿಯುವ ತನಕ. ಒಂದು ಸಲ ಬರುವ ದಾರಿಯಲ್ಲಿ ಹಾಡು ಎತ್ತಿದೆ, ದನಿ ಒಡೆದಿತ್ತು. ಅಪ್ಪ ಹೇಳಿದ, "ಹಾಡಿ ಗಂಟಲು ಕೆಡಿಸ್ಕಬ್ಯಾಡ, ಕೂಗಾಕೆ ಬೇಕು." ಬೈದು ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದ. ಅದಕ್ಕೇ ಆ ಮಾತು ಅಷ್ಟು ಗಟ್ಟಿಯಾಗಿ ನಿಂತಿತು. ಅಲ್ಲಿಂದಾಚೆ ನಾನು ದನಿ ಎತ್ತಿದ್ದೆಲ್ಲ ಯಾವುದೋ ಮಾಲಿಗಾಗಿ.

ಬಸ್ಸು ಕೆರೆಬಿಳಚಿ ದಾಟುವ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಒಂದು ಆಸೆ ಬಂದು ಕೂತಿತ್ತು. ಸಾಯುವುದರೊಳಗೆ ಒಂದೇ ಒಂದು ಸಲ, ಜನರ ಮುಂದೆ ನಿಂತು, ಏನನ್ನೂ ಮಾರದೆ ದನಿ ಎತ್ತಬೇಕು. ಅಷ್ಟೇ. ಸಣ್ಣ ಆಸೆಯೆಂದು ನಗಬೇಡಿ. ನಿಮಗೆ ಅರವತ್ತು ದಾಟಲಿ, ಆಮೇಲೆ ಗೊತ್ತಾಗುತ್ತದೆ ಸಣ್ಣ ಆಸೆಗೆ ಎಷ್ಟು ತೂಕವೆಂದು.

ಅದೃಷ್ಟ ನೋಡಿ, ಆ ವರ್ಷವೇ ನಮ್ಮೂರಲ್ಲಿ ಯುಗಾದಿ ಕಳೆದ ಮೇಲೆ ಒಂದು ಸಾಮಾಜಿಕ ನಾಟಕ ಆಡುವುದೆಂದು ತೀರ್ಮಾನವಾಯಿತು. ನಮ್ಮೂರು ಸವಳಂಗದ ಪಕ್ಕದ್ದು. ನಾಟಕ ಕಲಿಸುವುದಕ್ಕೆ ಜಗಳೂರು ಕಡೆಯಿಂದ ಓಬಳೇಶ ಮೇಷ್ಟ್ರು ಬಂದರು. ಹಾರ್ಮೋನಿಯಂ ನುಡಿಸುತ್ತಾರೆ, ಮಾತು ಹೇಳಿಕೊಡುತ್ತಾರೆ, ತಪ್ಪಿದರೆ ವಯಸ್ಸು ನೋಡದೆ ಬೈಯುತ್ತಾರೆ. ಆ ನಾಟಕದಲ್ಲಿ ಒಬ್ಬ ಅಪ್ಪನ ಪಾತ್ರವಿತ್ತು. ಜರಿಪೇಟದ ಗೌಡ. ಮೊದಲ ಅಂಕದ ಕೊನೆಯಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅವನಿಗೊಂದು ಹಾಡು. ಮೇಷ್ಟ್ರು ಮೊದಲ ದಿನ ಅದನ್ನು ಹಾಡಿ ತೋರಿಸಿದರು. "ಗಾಡಿ ತಿರುವು ದಾಟೋ ತನಕ ತಿರುಗಿ ನೋಡಬ್ಯಾಡ ಮಗಳೆ" ಎಂದು ಶುರುವಾಗುತ್ತದೆ. ನನಗೆ ಬೆನ್ನ ಮೇಲೆ ನೀರು ಸುರಿದಂತಾಯಿತು. ಇದೇ, ಇದೇ ನನ್ನದು ಎಂದುಕೊಂಡೆ.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಪೇಟೆಯಲ್ಲಿ ನಟರಿಗೆ ದುಡ್ಡು ಕೊಡುತ್ತಾರಂತೆ. ಹಳ್ಳಿ ನಾಟಕದಲ್ಲಿ ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ಪರದೆ, ಮೈಕು, ಲೈಟು, ಕಂಪನಿಯಿಂದ ಬರುವ ನಟಿಯರು, ಮೇಷ್ಟ್ರ ಸಂಬಳ, ಇದೆಲ್ಲ ಎಲ್ಲಿಂದ ಬರಬೇಕು? ಅದಕ್ಕೆ ಪಾತ್ರಕ್ಕೊಂದು ರೇಟು. ಹೀರೋಗೆ ಹೆಚ್ಚು, ಕಳ್ಳನಿಗೆ ಅದಕ್ಕಿಂತ ಸ್ವಲ್ಪ ಕಮ್ಮಿ, ಪೊಲೀಸಿಗೆ ಇನ್ನೂ ಕಮ್ಮಿ.

ರೇಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿನ ಮುದಿ ದಲ್ಲಾಳಿ ಎದ್ದು ಕೂತ. ಮನೆಗೆ ಹೋಗಿ ಮೊಳೆಯಿಂದ ಟವೆಲ್ ತೆಗೆದುಕೊಂಡು ಬಂದೆ.

"ಏನ್ರಿ ಇದು ಯಜಮಾನ್ರೆ, ಪಾತ್ರಕ್ಕೂ ಟವೆಲ್ಲಾ?" ಎಂದು ಮೇಷ್ಟ್ರು ನಕ್ಕರು.

"ನಿಮಗೆ ಬರಲ್ಲ ಅಂದ್ರೆ ಬಾಯಾಗೇ ಮಾತಾಡಾನ ಬಿಡ್ರಿ."

"ನಮ್ಮಪ್ಪ ಕುರಿ ಮಾರ್ತಿದ್ದ. ಹಾಕ್ರಿ ಟವೆಲ್ಲು," ಎಂದು ಕೈ ಚಾಚಿದರು.

ಸಮುದಾಯ ಭವನದ ಕಟ್ಟೆಯ ಮೇಲೆ ಕೂತು, ಊರಿನ ಅರ್ಧ ಜನರ ಎದುರಿಗೆ ನಮ್ಮ ವ್ಯಾಪಾರ ನಡೆಯಿತು. ಮೇಷ್ಟ್ರು ನನ್ನ ಐದೂ ಬೆರಳು ಹಿಡಿದರು. ನಾನು ಅವರ ಎರಡು ಹಿಡಿದೆ. ಅವರು ಕಿರುಬೆರಳು ಬಿಟ್ಟು ನಾಲ್ಕಕ್ಕೆ ಬಂದರು. ನಾನು ಎರಡರಲ್ಲೇ ನಿಂತೆ. ಈ ಸಲ ಮಳೆ ಹೆಂಗೆ ಮೇಷ್ಟ್ರೇ ಎಂದೆ. ಅವರು, ಜಗಳೂರಿಗೆ ಯಾವಾಗ ಮಳೆ ಸರಿಯಾಗಿ ಬಂದೈತೆ ಹೇಳ್ರಿ ಎಂದು, ಉಂಗುರದ ಬೆರಳೂ ಬಿಟ್ಟರು. ನಾನು ಇನ್ನೂ ಎರಡರಲ್ಲೇ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ನಡುಬೆರಳನ್ನೂ ಬಿಟ್ಟುಬಿಟ್ಟರು. ಆಯಿತು! ನಾನು ಹೇಳಿದ್ದಕ್ಕೇ ವ್ಯಾಪಾರ ಕುದುರಿತು. ಗೆದ್ದ ಹುರುಪಿನಲ್ಲಿ ಕೊಸರನ್ನೂ ಕೇಳಿದೆ. "ಜರಿಪೇಟ, ಮೀಸೆ ಎರಡೂ ನಿಮ್ದೇ ಮತ್ತೆ!"

"ಆತು, ಪೇಟ ಮೀಸೆ ಎರಡೂ ಕೊಟ್ಟೆ," ಎಂದರು ಮೇಷ್ಟ್ರು. ಒಂದು ಮಾತೂ ಕೊಸರಾಡಲಿಲ್ಲ.

ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮನೆಗೆ ಬಂದು ಶಾಂತವ್ವನ ಮುಂದೆ ಮೀಸೆ ತಿರುವಿದೆ. ಇದ್ದ ಮೀಸೆಯನ್ನೇ.

ಮರುದಿನ ಸಂಜೆ ಪ್ರಾಕ್ಟೀಸು. ಎಲ್ಲರೂ ಗೋಡೆಗೊರಗಿ ಕೂತಿದ್ದೆವು. ನಮ್ಮೂರಿನ ತಿಪ್ಪೇಶ, ಸವಳಂಗದಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟವನು, ನಾಟಕದಲ್ಲಿ ನನ್ನ ದೊಡ್ಡ ಮಗ. ಮಗಳನ್ನು ಕಳಿಸುವ ದೃಶ್ಯ ಬಂತು. ನಾನು ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ. ಮೇಷ್ಟ್ರು ಹಾರ್ಮೋನಿಯಂ ಎಳೆದರು. ನಾನು ಬಾಯಿ ತೆರೆಯುವುದರೊಳಗೆ ತಿಪ್ಪೇಶ ಹಾಡಲು ಶುರುಮಾಡಿದ.

"ಏ, ನಿಲ್ಲಪ್ಪ! ಅದು ಅಪ್ಪನ ಹಾಡು!"

"ಅದು ಈಗ ಅಣ್ಣನ ಹಾಡಾಗೈತ್ರಿ," ಎಂದರು ಮೇಷ್ಟ್ರು, ಹಾರ್ಮೋನಿಯಂ ತಿದಿ ಒತ್ತುತ್ತಲೇ.

"ಯಾವಾಗಾತು?"

"ನಿನ್ನೆ. ನಾನು ನಿಮ್ಮ ಕಿರುಬೆರಳು ಬಿಟ್ಟೆ ನೋಡ್ರಿ, ಆವಾಗ ನಿಮ್ಮ ಎರಡನೇ ಅಂಕದ ಮಾತೆಲ್ಲ ಹೋತು. ಉಂಗುರದ ಬೆರಳು ಬಿಟ್ಟಾಗ ಹಾಡು ಹೋತು. ನಡುಬೆರಳು ಬಿಟ್ಟಾಗ ಮೂರನೇ ಅಂಕದಾಗೆ ನಿಮ್ಮನ್ನ ಸಾಯಿಸಿಬಿಟ್ಟೆ."

"ನಾನು ರೇಟು ಇಳಿಸಿದ್ದು ಮೇಷ್ಟ್ರೇ, ಪಾತ್ರ ಇಳ್ಸು ಅಂದಿದ್ನಾ?"

"ಎತ್ತಿನ ರೇಟು ಅರ್ಧಕ್ಕಿಳಿಸಿದ್ರೆ ಎರಡು ಕಾಲಿನ ಎತ್ತು ಕೊಡಾಕೆ ಬರಲ್ಲ. ನಾಟಕದಾಗೆ ಬರುತ್ತೆ."

ಭವನವೆಲ್ಲ ನಗು. ತಿಪ್ಪೇಶನಂತೂ ಗೋಡೆ ಹಿಡಿದು ನಕ್ಕ. ನನಗೆ ಉಳಿದದ್ದು ಪೇಟ, ಮೀಸೆ, ಒಂದು ಕುರ್ಚಿ, ಮತ್ತು ಮಗಳನ್ನು ಕಳಿಸುವಾಗ ಹೇಳುವ ಒಂದು ಮಾತು. ನಾನೂ ನಕ್ಕೆ. ನಗದಿದ್ದರೆ ಮರ್ಯಾದೆ ಉಳಿಯುತ್ತಿರಲಿಲ್ಲ. ಆಮೇಲೆ ಮನೆಯ ದಾರಿ ಹಿಡಿದೆ. ಒಂದೇ ಒಂದು ಆಸೆ ಇಟ್ಟುಕೊಂಡು ಹೋದವನು, ಅದನ್ನೇ ಚೌಕಾಶಿ ಮಾಡಿ ಕಳೆದುಕೊಂಡು ಬಂದಿದ್ದೆ.

ಶಾಂತವ್ವನಿಗೆ ಹೇಳಿದೆ. ಸಮಾಧಾನ ಮಾಡುತ್ತಾಳೆಂದುಕೊಂಡಿದ್ದೆ.

"ಮದುವೆಗೆ ತಾಳಿ ಕೊಳ್ಳಾಕೆ ಹೋದಾಗೂ ಅಕ್ಕಸಾಲಿ ಹತ್ರ ಸಂಜಿ ತನಕ ಕುಂತಿದ್ರಂತೆ ನೀವು. ನಮ್ಮಮ್ಮ ಆವತ್ತೇ ಅಂದಿದ್ಲು," ಎಂದಳು. ಆಮೇಲೆ, "ಅಷ್ಟು ಆಸೆ ಇದ್ರೆ ಹೋಗಿ ಆ ಹುಡುಗನ್ನ ಕೇಳ್ರಿ. ಕೇಳಾಕೆ ಏನು?" ಎಂದಳು.

ಕೇಳುವುದು! ಇಷ್ಟು ವರ್ಷದಲ್ಲಿ ನಾನು ಯಾವುದನ್ನಾದರೂ ಸುಮ್ಮನೆ ಕೇಳಿದ್ದು ನೆನಪಿಲ್ಲ. ಕೊಂಡಿದ್ದೇನೆ, ಮಾರಿದ್ದೇನೆ, ಬದಲಿಗೆ ಬದಲಿ ಮಾಡಿದ್ದೇನೆ. ಆದರೂ ಮರುದಿನ ಸವಳಂಗಕ್ಕೆ ಹೋದೆ. ತಿಪ್ಪೇಶ ಒಂದು ಬೈಕಿನ ಹೊಟ್ಟೆ ಬಗೆದುಕೊಂಡು ಕೂತಿದ್ದ. ನಾನು ಸ್ಟೂಲ್ ಎಳೆದುಕೊಂಡು ಕೂತು ಮಾತು ತೆಗೆದೆ. ನೀನು ಚೆನ್ನಾಗಿ ಹಾಡುತ್ತೀಯ, ಆದರೆ ಈ ಹಾಡಿಗೆ ವಯಸ್ಸಾದ ಗಂಟಲು ಬೇಕು, ಎದೆಯಲ್ಲಿ ಭಾರ ಬೇಕು, ನನ್ನ ದನಿ ಹಿಂದೆ ಹೇಗಿತ್ತೆಂದರೆ ಚನ್ನಗಿರಿ ಸಂತೆಯ ಆ ತುದಿಯಲ್ಲಿ ಕೂಗಿದರೆ ಈ ತುದಿಯ ಎತ್ತು ಕಿವಿ ನಿಮಿರಿಸುತ್ತಿತ್ತು, ನಿನಗೆ ಇದಕ್ಕಿಂತ ಒಳ್ಳೆಯ ಹಾಡು ಮೇಷ್ಟ್ರಿಗೆ ಹೇಳಿ ನಾನೇ ಕೊಡಿಸುತ್ತೇನೆ... ಹೀಗೆ ಟೀ ತಣ್ಣಗಾಗುವ ತನಕ ಹೇಳಿದೆ.

ತಿಪ್ಪೇಶ ಸ್ಪ್ಯಾನರ್ ಕೆಳಗಿಟ್ಟ.

"ದೊಡ್ಡಪ್ಪ, ಆವಾಗಿಂದ ಬರೀ ಹಗ್ಗ ತೋರಿಸ್ತಿದೀರಿ. ಎತ್ತು ಎಲ್ಲೈತೆ?"

"ಅಂದ್ರೆ?"

"ಹಾಡ್ರಿ. ನನಗಿಂತ ಚಲೋ ಹಾಡಿದ್ರೆ ಹಾಡು ನಿಮ್ದು. ದುಡ್ಡೂ ಬ್ಯಾಡ, ಕಾಸೂ ಬ್ಯಾಡ."

ನಾನು ಬಾಯಿ ತೆರೆದೆ. ನಂಬಿ, ದನಿಯೇ ಬರಲಿಲ್ಲ. ಸಾವಿರ ಜನರ ಸಂತೆಯಲ್ಲಿ ಕೂಗಿದ ಗಂಟಲು, ಎಣ್ಣೆ ಮೆತ್ತಿದ ಆ ಅಂಗಡಿಯಲ್ಲಿ ಒಬ್ಬ ಹುಡುಗನ ಮುಂದೆ ಒಣಗಿಹೋಯಿತು. ಆಗ ಸಂತೆಯ ಎತ್ತುಗಳ ಕಷ್ಟ ನನಗೆ ಅರ್ಥವಾಯಿತು. ಯಾರೋ ಬಂದು ಬಾಯಿ ಬಿಡಿಸಿ ಹಲ್ಲು ನೋಡುವಾಗ ಅವು ಯಾಕೆ ಹಾಗೆ ಕಣ್ಣು ಬೇರೆ ಕಡೆ ತಿರುಗಿಸುತ್ತವೆ ಎಂದು.

"ಬ್ಯಾಸರ ಮಾಡ್ಕಬ್ಯಾಡ್ರಿ," ಎಂದ ತಿಪ್ಪೇಶ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ನಾಟಕಕ್ಕೆ ಇನ್ನೂ ದಿನ ಐತೆ. ತಯಾರಾಗಿ ಬರ್ರಿ. ಅಲ್ಲೀ ತನಕ ನಾನು ಇಟ್ಕಂಡಿರ್ತೀನಿ."

ಅವತ್ತಿನಿಂದ ನನ್ನ ಸಾಧನೆ ಶುರುವಾಯಿತು. ಹಿತ್ತಿಲಲ್ಲಿ ನಿಂತು ಹಾಡಿದೆ. ಶಾಂತವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಹಾಡ್ತಿದೀರೋ, ಎತ್ತು ಮಾರ್ತಿದೀರೋ?"

"ಯಾಕೆ?"

"ಒಂದೊಂದು ಸಾಲು ಮುಗಿದ ಕೂಡ್ಲೇ ನನ್ನ ಮುಖ ನೋಡ್ತೀರಿ. ನಾನೇನು ರೇಟು ಹೇಳ್ಬೇಕಾ? ಯಾರ ಮುಖಾನೂ ನೋಡ್ಬ್ಯಾಡ್ರಿ. ಹೋಗಿ ಎಮ್ಮೆ ಮುಂದೆ ಹಾಡ್ರಿ. ಅದು ಕೊಳ್ಳೋದೂ ಇಲ್ಲ, ಮಾರೋದೂ ಇಲ್ಲ."

ಹಾಸ್ಯಕ್ಕೆ ಹೇಳಿದಳೋ ನಿಜವಾಗಿ ಹೇಳಿದಳೋ ತಿಳಿಯದು. ನಾನು ಹೋಗಿ ಎಮ್ಮೆಯ ಮುಂದೆ ನಿಂತೆ. ನಮ್ಮ ಎಮ್ಮೆ ಬಹಳ ಒಳ್ಳೆಯ ಶ್ರೋತೃ. ಮೆಲುಕು ಹಾಕುವುದನ್ನು ನಿಲ್ಲಿಸುವುದಿಲ್ಲ, ಎದ್ದು ಹೋಗುವುದಿಲ್ಲ, ಸಲಹೆ ಕೊಡುವುದಿಲ್ಲ. ಮೊದಲ ವಾರ ದನಿ ಹಳೆಯ ಬಾಗಿಲಿನಂತೆ ಕಿರ್ರೆಂದಿತು. ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ಸಂತೆಯ ಕೂಗು ಬಂದುಬಿಡುತ್ತಿತ್ತು. ಹಾಗೆ ಬಂದಾಗ ನಿಲ್ಲಿಸಿ, ಎಮ್ಮೆಯ ಮೈ ತಿಕ್ಕಿ, ಮತ್ತೆ ಶುರುಮಾಡುತ್ತಿದ್ದೆ. ಒಂದು ದಿನ ಮೈ ತಿಕ್ಕುತ್ತ ತಿಕ್ಕುತ್ತಲೇ, ಹಾಡಬೇಕೆಂದುಕೊಳ್ಳದೆ, ಹಾಡಿದೆ. ಹಾಡು ಗಂಟಲಿಂದ ಅಲ್ಲ, ಅದಕ್ಕಿಂತ ಸ್ವಲ್ಪ ಕೆಳಗಿನಿಂದ ಬಂತು. ಒಳಗೆ ಪಾತ್ರೆ ಸದ್ದು ನಿಂತಿತು. ಹೆಂಡತಿ ಹೊರಗೆ ಬರಲಿಲ್ಲ. ಅವತ್ತು ಮಧ್ಯಾಹ್ನ ಮಾತ್ರ ರೊಟ್ಟಿಯ ಜೊತೆ ಬೆಣ್ಣೆ ಇತ್ತು.

ಇಲ್ಲಿ ನಿವೃತ್ತರಿಗೆ ನನ್ನದೊಂದು ಸಲಹೆ. ಹವ್ಯಾಸ ಹಿಡಿಯುವವರು ಮೊದಲ ತಿಂಗಳು ಮನುಷ್ಯರಿಗೆ ತೋರಿಸಬೇಡಿ. ಚಿತ್ರ ಬರೆದರೆ ಗೋಡೆಗೆ ತೋರಿಸಿ, ಹಾಡಿದರೆ ದನಕ್ಕೆ ಕೇಳಿಸಿ, ತೋಟ ಮಾಡಿದರೆ ಪಕ್ಕದ ಮನೆಯವರಿಗೆ ಕಾಣದ ಕಡೆ ಬೀಜ ಹಾಕಿ. ಮನುಷ್ಯರು ಕೂಡಲೇ ಚೆನ್ನಾಗಿದೆ ಅಂದುಬಿಡುತ್ತಾರೆ, ಇಲ್ಲ ಚೆನ್ನಾಗಿಲ್ಲ ಅನ್ನುತ್ತಾರೆ. ಎರಡೂ ಬೇಗ ಬಂದರೆ ಕೆಟ್ಟದ್ದೇ. ಇನ್ನೊಂದು ಮಾತು: ಗುರುಗಳ ಹತ್ತಿರ ಚೌಕಾಶಿ ಮಾಡಬೇಡಿ. ಯಾಕೆಂದು ಮೇಲೆ ಹೇಳಿದ್ದೇನೆ.

ಬೆಣ್ಣೆ ಸಿಕ್ಕ ಮರುದಿನ ತಿಪ್ಪೇಶನ ಅಂಗಡಿಗೆ ಹೋದೆ. ಈ ಸಲ ಹಗ್ಗ ತೋರಿಸಲಿಲ್ಲ. ನಿಂತವನೇ ಹಾಡಿದೆ. ಮೇಲಿನ ಸ್ವರದಲ್ಲಿ ಒಂದು ಕಡೆ ಸೀಳಿತು, ಅಲ್ಲೇ ನಿಲ್ಲಿಸದೆ ಮುಂದಕ್ಕೆ ಹೋದೆ. ಪಂಕ್ಚರಿಗೆ ಬಂದ ಇಬ್ಬರು ಬೈಕಿನ ಮೇಲೆ ಕೂತೇ ಕೇಳಿದರು. ಮುಗಿದ ಮೇಲೆ ತಿಪ್ಪೇಶ ಬಟ್ಟೆಗೆ ಕೈ ಒರೆಸಿಕೊಂಡ.

"ಎತ್ತಿಗೆ ವಯಸ್ಸಾಗೈತೆ," ಎಂದ. "ಆದ್ರೆ ನಡಿಗೆ ಐತೆ ದೊಡ್ಡಪ್ಪ. ನಾನು ಹಾಡಿದ್ರೆ ತಂಗಿ ಬಸ್ ಹತ್ತಿ ಹೊಂಟಂಗಿರ್ತಿತ್ತು. ನೀವು ಹಾಡಿದ್ರೆ ಗಾಡಿ ಕಾಣ್ತೈತೆ. ತಗಳ್ರಿ, ನಿಮ್ದೇ."

ನಾವಿಬ್ಬರೂ ಅವನ ಬೈಕಿನಲ್ಲಿ ಮೇಷ್ಟ್ರ ಹತ್ತಿರ ಹೋದೆವು. ಮೇಷ್ಟ್ರು ನನ್ನ ಹಾಡು ಕೇಳಿದರು. ಕಣ್ಣು ಮುಚ್ಚಿಕೊಂಡು, ಹಾರ್ಮೋನಿಯಂ ಮನೆಗಳ ಮೇಲೆ ಬೆರಳನ್ನು ಸ್ವಲ್ಪ ಎಡಕ್ಕೆ ಸರಿಸಿ, "ಇಲ್ಲಿಂದ ಎತ್ರಿ, ನಿಮ್ಮ ಗಂಟಲಿಗೆ ಹದ ಆಗುತ್ತೆ," ಎಂದರು. ಅಲ್ಲಿಂದ ಎತ್ತಿದೆ, ಎಲ್ಲಿಯೂ ಸೀಳಲಿಲ್ಲ. ಆಮೇಲೆ ಕಣ್ಣು ಬಿಟ್ಟು, "ಹಾಡು ಬಂತು ಅಂದ್ರೆ ಉಂಗುರದ ಬೆರಳೂ ಬರ್ಬೇಕಲ್ರಿ ಯಜಮಾನ್ರೆ," ಎಂದು ಅಂಗೈ ಚಾಚಿದರು. ಕೊಟ್ಟೆ. ಕಿರುಬೆರಳಿಗೂ ಸೇರಿಸಿಯೇ ಕೊಟ್ಟೆ. ಎರಡನೇ ಅಂಕದ ಮಾತೂ ಬಂತು. ಮೂರನೇ ಅಂಕದಲ್ಲಿ ಸಾಯುವುದಕ್ಕೆ ಮಾತ್ರ ನಾನೇ ಒಪ್ಪಿಕೊಂಡೆ. ಅಷ್ಟು ಮಾತು ಬಾಯಿಪಾಠ ಮಾಡುವುದು ನನ್ನಿಂದಾಗುತ್ತಿರಲಿಲ್ಲ.

ನಾಟಕದ ದಿನ ಶಾಲೆಯ ಬಯಲು ತುಂಬಿತ್ತು. ಹಾಲೇಶಪ್ಪ ಚನ್ನಗಿರಿಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ನಾನು ಎತ್ತು ಕೊಡಿಸಿದವರು, ಕೊಡಿಸಿದ್ದಕ್ಕೆ ಇನ್ನೂ ಬೈಯುತ್ತಿರುವವರು, ಎಲ್ಲರೂ ಇದ್ದರು. ಜರಿಪೇಟ ಹಾಕಿಕೊಂಡು ನಾನು ಬೆಳಕಿಗೆ ಬರುತ್ತಿದ್ದಂತೆ ಹಿಂದಿನಿಂದ ಒಬ್ಬ ಕೂಗಿದ.

"ದಲ್ಲಾಳಿ ಬಂದ್ನಪ್ಪೋ, ಜೇಬು ನೋಡ್ಕಳ್ರಿ!"

ಬಯಲೆಲ್ಲ ನಕ್ಕಿತು. ಇನ್ನೊಬ್ಬ, "ಮಗಳ್ನ ಎಷ್ಟಕ್ಕೆ ಕುದುರಿಸ್ದೆ ಗೌಡ?" ಎಂದ. ಮತ್ತೆ ನಗು. ಇಷ್ಟು ವರ್ಷದಿಂದ ಇವರಿಗೆಲ್ಲ ನಾನು ಯಾರೆಂದು ಗೊತ್ತು. ಇವರ ಮುಂದೆ ನಾನು ಬೇರೆ ಯಾರೋ ಆಗುವುದು ಹೇಗೆ? ಮಗಳ ಪಾತ್ರದ ಹುಡುಗಿ, ಕಂಪನಿ ನಟಿ, ಸಾವಿರ ಸಲ ಗಂಡನ ಮನೆಗೆ ಹೋದವಳು, ಪಳಗಿದ ರೀತಿಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಮೇಷ್ಟ್ರು ಹಾರ್ಮೋನಿಯಂ ಎಳೆದರು.

ಹಾಡಿದೆ. ಯಾರ ಮುಖವನ್ನೂ ನೋಡಲಿಲ್ಲ. ಬಯಲಿನ ಆಚೆ, ಲೈಟು ಮುಟ್ಟದ ಕಡೆ, ಒಂದು ದಾರಿ ಇದೆ ಎಂದುಕೊಂಡು ಅತ್ತ ನೋಡುತ್ತ ಹಾಡಿದೆ. ಮೊದಲ ಸಾಲಿಗೆ ಇನ್ನೂ ಯಾರೋ ನಗುತ್ತಿದ್ದರು. ಎರಡನೆಯದಕ್ಕೆ ಇರಲಿಲ್ಲ. ಮೇಲಿನ ಸ್ವರ ಬಂತು. ಅದನ್ನು ಹತ್ತಿದ್ದು ನನಗೇ ಗೊತ್ತಾಗಲಿಲ್ಲ. ಕೊನೆಗೆ ದನಿ ಇಳಿದು, ಇಳಿದು, ನಿಂತಿತು.

ಜನ ಉಸಿರೆತ್ತಲಿಲ್ಲ. ಸಂತೆಯಲ್ಲಿ ಜನ ಹೀಗೆ ಸುಮ್ಮನಾದರೆ ವ್ಯಾಪಾರ ಮುರಿದಿದೆ ಎಂದೇ ಅರ್ಥ. ಆದರೆ ಯಾರೂ ಎದ್ದು ಹೋಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಹಾಲೇಶಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಹೆಂಗಸರ ಕಡೆ ಶಾಂತವ್ವ ಎಲ್ಲಿದ್ದಾಳೆಂದು ಹುಡುಕಿದೆ, ಸಿಗಲಿಲ್ಲ. ಎಲ್ಲರೂ ಸೆರಗು ಬಾಯಿಗೆ ಹಿಡಿದಿದ್ದರು, ಎಲ್ಲರೂ ಒಂದೇ ಥರ ಕಂಡರು.

ಈಗ ನಾನು ಮಗಳಿಗೆ 'ಹೋಗಿ ಬಾ' ಎನ್ನಬೇಕು. ಹಾಗೆ ಅಂದ ಕೂಡಲೇ ಪರದೆ ಬೀಳುತ್ತದೆ. ಆ ನಟಿ ಬಾಗಿ ಕಾಲು ಮುಟ್ಟಿದಳು, ಎದ್ದಳು, ಕಾದಳು. ಆಮೇಲೆ ತುಟಿ ಅಲುಗಿಸದೆ ಪಿಸುಗುಟ್ಟಿದಳು. "ಹೋಗಿ ಬಾ ಅನ್ರಿ ಅಜ್ಜಾರೆ... ಹೋಗಿ ಬಾ ಅನ್ರಿ."

"ಗಾಡಿ ಇನ್ನೂ ಕಟ್ಟಿಲ್ಲ ಮಗಳೇ," ಎಂದೆ ನಾನು, ಇಡೀ ಬಯಲಿಗೆ ಕೇಳುವಂತೆ. "ಸ್ವಲ್ಪ ನಿಂತ್ಕ. ಇನ್ನೊಂದ್ಸಲ ಹಾಡ್ತೀನಿ."

ಬಯಲು ಒಂದೇ ಏಟಿಗೆ ಹೋ ಎಂದಿತು. ಪರದೆಯ ಪಕ್ಕದಲ್ಲಿ ಓಬಳೇಶ ಮೇಷ್ಟ್ರು ತಲೆ ಚಚ್ಚಿಕೊಂಡದ್ದು ಕಂಡಿತು. ಆಮೇಲೆ ಹಾರ್ಮೋನಿಯಂ ತಿದಿ ಮತ್ತೆ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ನಾನು ಎತ್ತಿಕೊಂಡೆ, ಮೊದಲ ಸಾಲಿನಿಂದ.